ಬೂತಾಯಿ ತಿನ್ನುವ ಹಕ್ಕಿ

ಎಲ್ಲರಿಗೂ ನಮಸ್ಕಾರ. ಈ ಸಲ ನನ್ನ ಜೊತೆ ಅಮ್ಮ ಇದ್ದಾರೆ. ಮಲ್ಪೆಯಿಂದ ಅಟ್ಲಾಂಟಾಕ್ಕೆ ಬಂದು ಮೂರು ವಾರ ಆಯಿತು. ಕಡಲು ನೋಡದೆ ಇಷ್ಟು ದಿನ ಇದ್ದದ್ದು ಇದೇ ಮೊದಲು ಅಂದರು. ಅದಕ್ಕೇ ಇವತ್ತು ಜಾರ್ಜಿಯಾ ಅಕ್ವೇರಿಯಂಗೆ ಕರೆದುಕೊಂಡು ಬಂದೆ.

ದೊಡ್ಡ ಟ್ಯಾಂಕಿನ ಮುಂದೆ ತುಂಬಾ ಹೊತ್ತು ನಿಂತಿದ್ದೆವು. ಅದನ್ನೆಲ್ಲ ಇನ್ನೊಂದು ವಿಡಿಯೊದಲ್ಲಿ ತೋರಿಸುತ್ತೇನೆ. ಇವತ್ತು ಪೆಂಗ್ವಿನ್ ವಿಷಯ ಮಾತ್ರ. ಪೆಂಗ್ವಿನ್‌ಗಳನ್ನು ಹತ್ತಿರದಿಂದ ನೋಡಲು ಇಲ್ಲಿ ಬೇರೆ ಟಿಕೆಟ್ ಇದೆ. ಅಮ್ಮನಿಗೆ ಹೇಳದೆ ಮೊದಲೇ ಬುಕ್ ಮಾಡಿಟ್ಟಿದ್ದೆ.

ಒಂದು ಮಾತು. ಕೋಣೆಯೊಳಗೆ ಹೋದ ಮೇಲೆ ನಾನು ಕ್ಯಾಮರಾ ಆಫ್ ಮಾಡಿದೆ. ಅಮ್ಮನ ಪಕ್ಕದಲ್ಲಿ ಸುಮ್ನೆ ಕೂತು ನೋಡಬೇಕು ಅನ್ನಿಸಿತು. ಈಗ ನಿಮಗೆ ಕಾಣುತ್ತಿರುವುದು ಗಾಜಿನ ಹೊರಗಿನಿಂದ ತೆಗೆದದ್ದು. ಒಳಗೆ ನಡೆದದ್ದನ್ನು ಮಾತಿನಲ್ಲೇ ಹೇಳುತ್ತೇನೆ.

ಕೈ ಚೆನ್ನಾಗಿ ತೊಳೆದುಕೊಂಡು ಬೆಂಚಿನ ಮೇಲೆ ಕೂತೆವು. ಬಾಗಿಲು ತೆರೆಯಿತು. ಟ್ರೇನರ್ ಹಿಂದೆಯೇ ಒಂದು ಹಕ್ಕಿ ನಡೆದು ಬಂತು. ಎರಡಡಿ ಎತ್ತರ, ಮೂರು ಕೆಜಿ ತೂಕ ಇರಬಹುದು. ಎರಡು ಹೆಜ್ಜೆ ಇಟ್ಟು ನಿಂತಿತು. ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಅಮ್ಮನನ್ನು ನೋಡಿತು. ಥೇಟ್ ನಮ್ಮ ಅಂಗಳದ ಕೋಳಿ ನೋಡುವ ಹಾಗೆ.

ಅಮ್ಮ ಶಾಲು ಹೊದ್ದು ಕೂತಿದ್ದರು. ಪೆಂಗ್ವಿನ್ ಅಂದರೆ ಹಿಮ, ಚಳಿ ಅಂತ ಅಲ್ವಾ ನಮ್ಮ ಲೆಕ್ಕ? ಇದು ಹಿಮದ ಹಕ್ಕಿಯೇ ಅಲ್ಲ. ಆಫ್ರಿಕನ್ ಪೆಂಗ್ವಿನ್. ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಕರಾವಳಿಯಲ್ಲಿ, ಬಿಸಿಲಿರುವ ಕಡೆ ಬದುಕುವುದು. ಕಣ್ಣಿನ ಮೇಲೆ ಗುಲಾಬಿ ಬಣ್ಣದ ಚರ್ಮ ಕಾಣುತ್ತಿದೆಯಲ್ಲ, ಅಲ್ಲಿ ಗರಿ ಇಲ್ಲ. ಸೆಕೆಯಾದಾಗ ಅಲ್ಲಿಗೆ ರಕ್ತ ಜಾಸ್ತಿ ಹರಿದು ಮೈಯ ಬಿಸಿ ಹೊರಗೆ ಹೋಗುತ್ತದೆ. ಎದೆಯ ಮೇಲಿನ ಕಪ್ಪು ಚುಕ್ಕೆಗಳನ್ನೂ ನೋಡಿ. ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ.

ಎರಡು ಬೆರಳಿನಿಂದ ಬೆನ್ನು ಮಾತ್ರ ಸವರಬಹುದು ಅಂದರು ಟ್ರೇನರ್. ಮೊದಲು ನಾನು ಮುಟ್ಟಿದೆ. ಮೆತ್ತಗೆ ಹತ್ತಿಯ ಹಾಗೆ ಇರುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಚಿಕ್ಕ ಚಿಕ್ಕ ಗರಿಗಳು ಒಂದರ ಮೇಲೊಂದು ಒತ್ತೊತ್ತಾಗಿ ಕೂತಿವೆ. ಬೆರಳು ಜಾರಿಕೊಂಡು ಹೋಗುತ್ತದೆ, ಒಳಗೆ ಇಳಿಯುವುದೇ ಇಲ್ಲ. ಆಮೇಲೆ ಅಮ್ಮ ಮುಟ್ಟಿದರು. ಮೀನು ಹೆಚ್ಚಿ ಹೆಚ್ಚಿ ಗೆರೆ ಬಿದ್ದ ಬೆರಳುಗಳು. ತುಂಬಾ ಮೆಲ್ಲಗೆ ಒಂದು ಸಲ ಸವರಿ, "ಕೋಳಿಯ ಹಾಗಲ್ಲ ಮಾರಾಯ್ತಿ, ಇದು ಹುರುಪೆ ಇರುವ ಮೀನಿನ ಹಾಗಿದೆ" ಅಂದರು. ಟ್ರೇನರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಹೌದು ಹೌದು ಅಂತ ತಲೆಯಾಡಿಸಿದರು.

ಆಗಲೇ ಅದು ಕತ್ತು ಮೇಲೆತ್ತಿ ಕೂಗಿತು. ಕತ್ತೆ ಕೂಗಿದ ಹಾಗೆಯೇ! ಅಮ್ಮ ಬೆಚ್ಚಿ ನನ್ನ ಕೈ ಹಿಡಿದುಕೊಂಡರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇದು ಊರಲ್ಲಿ ಎಂತ ತಿನ್ನುತ್ತದೆ ಅಂತ ಕೇಳು" ಅಂದರು ಅಮ್ಮ. ಕೇಳಿದೆ. ಸಾರ್ಡೀನ್, ಆಂಚೊವಿ. ಅಂದರೆ ನಮ್ಮ ಬೂತಾಯಿ, ಕೊಲ್ಲತರು ಜಾತಿಯ ಮೀನುಗಳೇ. ತಲೆ ಕಡೆಯಿಂದ ಇಡೀ ಮೀನನ್ನು ನುಂಗುತ್ತದೆ. ಮುಳ್ಳು, ಹುರುಪೆ ಗಂಟಲಿಗೆ ಚುಚ್ಚುವುದಿಲ್ಲ.

ಬೂತಾಯಿ ಅಂದದ್ದೇ ತಡ, ಅಮ್ಮನಿಗೆ ಆ ಹಕ್ಕಿ ನೆಂಟರ ಮನೆಯ ಮಗುವಿನ ಹಾಗಾಯಿತು. ಕೈಗೆ ಸಿಕ್ಕಿದ್ದರೆ ಎತ್ತಿಕೊಂಡು ಬಿಡುತ್ತಿದ್ದರು.

ಆದರೆ ಮುಂದಿನ ಮಾತು ಕೇಳಿ ಇಬ್ಬರೂ ಸುಮ್ಮನಾದೆವು. ಅಲ್ಲಿ ಈಗ ಮೀನೇ ಸಾಲುತ್ತಿಲ್ಲ. ಕಡಲು ಬದಲಾಗಿ ಮೀನು ಬೇರೆ ಕಡೆ ಸರಿದಿದೆ. ಇದ್ದ ಮೀನಿಗೆ ದೋಣಿಗಳ ಬಲೆಯೂ ಬೀಳುತ್ತದೆ. ಗೂಡು ಕಟ್ಟುವ ಜೋಡಿಗಳು 10,000ಕ್ಕಿಂತ ಕಡಿಮೆ ಉಳಿದಿವೆ. 2024ರಲ್ಲಿ ಇದನ್ನು ತೀವ್ರ ಅಪಾಯದಲ್ಲಿರುವ ಪಕ್ಷಿಗಳ ಪಟ್ಟಿಗೆ ಸೇರಿಸಿದರು. ವರ್ಷಕ್ಕೊಮ್ಮೆ ಹಳೆ ಗರಿ ಎಲ್ಲ ಒಟ್ಟಿಗೆ ಉದುರುತ್ತದೆ. ಸುಮಾರು ಮೂರು ವಾರ ನೀರಿಗೆ ಇಳಿಯುವ ಹಾಗಿಲ್ಲ, ಉಪವಾಸ. ಅದಕ್ಕೆ ಮೊದಲು ಹೊಟ್ಟೆ ತುಂಬಾ ತಿಂದು ಕೊಬ್ಬು ಕಟ್ಟಿಕೊಳ್ಳಬೇಕು. ಮೀನು ಸಿಗದಿದ್ದರೆ ಆ ಉಪವಾಸದಲ್ಲೇ ಸಾಯುತ್ತವೆ. ನನಗೆ ತುಂಬಾ ಸಂಕಟವಾದದ್ದು ಇದನ್ನು ಕೇಳಿದಾಗ.

2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕೋರ್ಟ್ ಆದೇಶ ಕೊಟ್ಟಿದೆ. ಪೆಂಗ್ವಿನ್ ಗೂಡುಗಳಿರುವ ಆರು ಮುಖ್ಯ ಜಾಗಗಳ ಸುತ್ತ ಹತ್ತು ವರ್ಷ ಬೂತಾಯಿ, ಕೊಲ್ಲತರು ಹಿಡಿಯುವ ದೊಡ್ಡ ದೋಣಿಗಳಿಗೆ ನಿಷೇಧ. ಅದನ್ನು ಹೇಳಿದಾಗ ಅಮ್ಮ ಮೊದಲು ಕೇಳಿದ್ದು, "ಹಾಗಾದರೆ ದೋಣಿಯವರು ಎಂತ ಮಾಡುವುದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ನಮ್ಮಲ್ಲೂ ಜೂನ್, ಜುಲೈ ಬೋಟು ಹೋಗುವುದಿಲ್ಲ ಅಲ್ವಾ, ಮೀನು ಮರಿ ಮಾಡಲಿ ಅಂತ. ಆ ಎರಡು ತಿಂಗಳು ಕಷ್ಟವೇ. ಆದರೂ ತಡೆದುಕೊಳ್ಳುತ್ತೇವೆ."

ಸಮಯ ಮುಗಿಯಿತು. ಹಕ್ಕಿ ಬಂದ ದಾರಿಯಲ್ಲೇ ವಾಪಸ್ ಹೊರಟಿತು. ಬಾಗಿಲ ಹತ್ತಿರ ನಿಂತು ರೆಕ್ಕೆ ಎರಡೂ ಅಗಲ ಮಾಡಿ ಮೈ ಕೊಡವಿತು. ಅಮ್ಮ ಕೈ ಬೀಸಿದರು.

ಇದು ರಾತ್ರಿ ಒಂಬತ್ತೂವರೆ, ನಮ್ಮ ಅಡುಗೆಮನೆ. ಮಲ್ಪೆಯಲ್ಲಿ ಬೆಳಗ್ಗೆ ಏಳು. ಅಮ್ಮ ಮಾವನಿಗೆ ಫೋನ್ ಮಾಡುತ್ತಿದ್ದಾರೆ. ಪೆಂಗ್ವಿನ್ ಸುದ್ದಿ ಆಮೇಲೆ. ಮೊದಲು ಕೇಳಿದ್ದು ಇದು, ಕೇಳಿಸಿಕೊಳ್ಳಿ.

"ಬೂತಾಯಿ ಬಂದಿದೆಯಾ ಈ ಸಲ?"