ನಿಮ್ಮ ಹೊಲದ ಮಳೆ, ನಿಮ್ಮ ಲೆಕ್ಕ

ರೈತ ಬಾಂಧವರಿಗೆ, ತಾಯಂದಿರಿಗೆ ನಮಸ್ಕಾರ.

ಹೋದ ಸಲ ನಿಮ್ಮ ಹೊಲದಲ್ಲಿ ಎಷ್ಟು ಮಳೆ ಬಿತ್ತು? ‘ಚಲೋ ಮಳಿ ಆತ್ರೀ’ ಅಂತೀರಿ. ‘ಹದ ಆಗೇತಿ’ ಅಂತೀರಿ. ಎಷ್ಟು ಮಿಲಿಮೀಟರ್ ಅಂದರೆ ಸುಮ್ನೆ ನನ್ನ ಮುಖ ನೋಡುತ್ತೀರಿ. ಅದಕ್ಕೇ ಇವತ್ತು ಒಂದೇ ಮಾತು ಹೇಳುತ್ತೇನೆ. ನಿಮ್ಮ ಹೊಲದ ಮಳೆಯನ್ನು ನೀವೇ ಅಳೆಯಿರಿ. ಬರೆದಿಡಿ.

‘ಧಾರವಾಡ ಜಿಲ್ಲೆಯಲ್ಲಿ ಮಳೆ’ ಅಂತ ಸುದ್ದಿಯಲ್ಲಿ ಕೇಳುತ್ತೀರಿ. ಯಾವ ಧಾರವಾಡ? ಅಳ್ನಾವರ, ಕಲಘಟಗಿ ಕಡೆ ಮಲೆನಾಡಿನ ಸೆರಗು, ಭತ್ತದ ನೆಲ. ನವಲಗುಂದ, ಅಣ್ಣಿಗೇರಿ ಕಡೆ ಬಯಲು, ಎರೆ ಭೂಮಿ, ಮಳೆ ಕಡಿಮೆ. ಎರಡಕ್ಕೂ ಒಂದೇ ಲೆಕ್ಕ ನಡೆಯುತ್ತದೆಯೇ? ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಂತೂ ಹಳ್ಳದ ಈ ದಂಡೆಗೆ ಸುರಿದು ಆ ದಂಡೆಯನ್ನು ಒಣಗಿಸಿಯೇ ಹೋಗುತ್ತದೆ.

ಒಬ್ಬ ಅಜ್ಜನ ಸಂಗತಿ ಹೇಳಲೇಬೇಕು. ನವಲಗುಂದದ ಕಡೆಯವರು. ಅವರ ಮನೆಗೆ ಹೋದಾಗ ಪಡಸಾಲೆ ಗೋಡೆಯ ಮೇಲೆ ಇದ್ದಲಿ ಗೆರೆಗಳು ಕಂಡವು. ರೋಹಿಣಿ, ಎರಡು ಗೆರೆ. ಮಿರಗ, ಐದು ಗೆರೆ. ಆರಿದ್ರಾ, ಬರೀ ಒಂದು. ‘ಇದೇನ್ರೀ ಅಜ್ಜಾರ?’ ಅಂದೆ. ಅಂಗಳದಲ್ಲಿಟ್ಟ ಡಬ್ಬಿ ತೋರಿಸಿದರು. ಮಳೆ ಬಂದ ಮರುದಿನ ಡಬ್ಬಿಯಲ್ಲಿ ಎಷ್ಟು ಬೆರಳು ನೀರೋ ಗೋಡೆಗೆ ಅಷ್ಟು ಗೆರೆ! ‘ಉತ್ತರಿ, ಹಸ್ತ ಕೂಡಿ ನಾಕು ಗೆರಿ ಆಗಲಾರದ ನಾ ಕಡ್ಲಿ ಬಿತ್ತಂಗಿಲ್ಲ’ ಅಂದರು. ನಾಲ್ಕು ಬೆರಳು ಅಂದರೆ ಸುಮಾರು 70 ಮಿಲಿಮೀಟರ್. ಹಿಂಗಾರಿ ಕಡಲೆ, ಬಿಳಿಜೋಳ ಎರೆಯ ಒಡಲಲ್ಲಿ ಉಳಿದ ತೇವದ ಮೇಲೆಯೇ ಬದುಕಬೇಕಲ್ವಾ? ಅಜ್ಜನಿಗೆ ಅದು ಗೊತ್ತಿತ್ತು.

‘ಹೋದ ವರ್ಷದ ಗೆರೆ ಎಲ್ಲಿ?’ ಅಂತ ಕೇಳಿದೆ. ‘ದೀಪಾವಳಿಗೆ ಸುಣ್ಣ ಹಚ್ಚಿದ್ರಲ್ರೀ’ ಅಂದರು. ನನ್ನ ಹೊಟ್ಟೆ ಚುರುಕ್ ಅಂದಿತು. ಎಷ್ಟೋ ವರ್ಷಗಳ ಮಳೆ ಸುಣ್ಣದ ಅಡಿಯಲ್ಲಿ! ಅಲ್ಲೇ ಮೊಮ್ಮಗಳು ಓದುತ್ತ ಕೂತಿದ್ದಳು. ಅವಳ ಪಟ್ಟಿಯ ಕೊನೆಯ ಹಾಳೆಯಲ್ಲಿ ಆ ವರ್ಷದ ಗೆರೆಗಳನ್ನೆಲ್ಲ ಬರೆಸಿಯೇ ಎದ್ದೆ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿ ತಗೊಳ್ಳಿ. ಬಕೆಟ್ ಬೇಡ, ಅದು ಮೇಲೆ ಅಗಲ, ಕೆಳಗೆ ಸಣ್ಣ. ಗಿಡ, ಗೋಡೆಯ ಎತ್ತರದ ಎರಡು ಪಟ್ಟು ದೂರದಲ್ಲಿ, ಬಯಲಲ್ಲಿ ಅಲುಗದಂತೆ ಇಡಿ. ದಿನಾ ಬೆಳಿಗ್ಗೆ 8:30ಕ್ಕೆ ಅಳತೆಪಟ್ಟಿ ಇಳಿಸಿ ನೋಡಿ, ಬರೆದು, ನೀರು ಚೆಲ್ಲಿಬಿಡಿ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. 25 ಮಿಲಿಮೀಟರ್ ಬಂತು ಅಂದರೆ ಒಂದು ಎಕರೆಗೆ ಸುಮಾರು 1 ಲಕ್ಷ ಲೀಟರ್ ನೀರು ಬಿತ್ತು ಅಂತ ಲೆಕ್ಕ. ಇಷ್ಟು ನೀರನ್ನು ಲೆಕ್ಕವಿಲ್ಲದೆ ಬಿಡುತ್ತೀರಾ?

ಬೇವು ಚಿಗುರಿದ ದಿನ, ಗಾಳಿ ಪಡುವಣಕ್ಕೆ ತಿರುಗಿದ ದಿನ, ಕಡಲೆಯ ಮೇಲೆ ಮೊದಲ ಇಬ್ಬನಿ ಕಂಡ ದಿನ, ಇವನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ. ಆದರೆ ಮೊದಲು ಮಳೆ. ನಾಳೆಯೇ ಡಬ್ಬಿ ಇಡಿ. ಮಳೆ ಬರದಿದ್ದರೆ ಸೊನ್ನೆ ಬರೆಯಿರಿ. ಸೊನ್ನೆಯೂ ಲೆಕ್ಕವೇ. ನಮಸ್ಕಾರ.