ಮಾತು ಸಾಕು, ಕುಣಿತ ತೋರಿಸಿ

ಕೇಳುಗರೇ, ನಮಸ್ಕಾರ. ರೇಡಿಯೊದಲ್ಲಿ ಕೂತು ಕುಣಿತದ ಬಗ್ಗೆ ಮಾತಾಡೋದು ತಮಾಷೆಯೇ. ಆದರೂ ಹೇಳಬೇಕು.

ಸ್ವಂತ ದುಡ್ಡಲ್ಲಿ ಸಿನಿಮಾ ಮಾಡುವ ಹುಡುಗ ಹುಡುಗಿಯರು ನಮ್ಮ ಬೆಳಗಾವಿ ಕಡೆ ಬಂದರೆ ಸೀದಾ ಎಲ್ಲಮ್ಮನ ಗುಡಿ ಇರುವ ಸವದತ್ತಿ ಗುಡ್ಡ ಹತ್ತುತ್ತಾರೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಾ, ಆ ದೇವಿಗೆ ಮುಡಿಪಾಗಿ ಹಾಡಿ ಕುಣಿಯುವ ಜೋಗತಿಯೊಬ್ಬರನ್ನು ಕೂರಿಸಿಕೊಂಡು, ಮನೆಯವರು ಹೊರಗೆ ಹಾಕಿದಾಗ ಏನನಿಸಿತು ಅಂತ ಕೇಳುತ್ತಾರೆ. ಪಾಪ, ಆ ತಾಯಿ ಅಳುತ್ತಾರೆ. ಕ್ಯಾಮೆರಾ ಮುಖದ ಹತ್ತಿರ ಹೋಗುತ್ತದೆ. ಕುಣಿತ ಮಾತ್ರ ನಡುವೆ ಹಾಡಿನ ತುಣುಕಿನ ಹಾಗೆ ಬಂದು ಹೋಗುತ್ತದೆ. ನನ್ನ ತಕರಾರು ಇದೇ.

ಆ ಕುಣಿತವನ್ನು ಸರಿಯಾಗಿ ನೋಡಿದ್ದೀರಾ? ತಲೆ ಮೇಲೆ ಎಲ್ಲಮ್ಮನ ಕೊಡ. ಚೌಡಿಕೆ ವಾದ್ಯದ ಸದ್ದಿಗೆ ಸೊಂಟ ತಿರುಗುತ್ತದೆ, ಕೈ ಆಡುತ್ತವೆ, ಮಂಡಿಯೂರಿ ಕೂತು ಮತ್ತೆ ಏಳುತ್ತಾರೆ, ಇಷ್ಟಾದರೂ ಕೊಡ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಕುತ್ತಿಗೆ ಆ ಭಾರಕ್ಕೆ ಒಗ್ಗಿಬಿಟ್ಟಿರುತ್ತದೆ. ‘ನಾನು ಯಾರು’ ಅನ್ನೋದಕ್ಕೆ ಇದಕ್ಕಿಂತ ಜಾಸ್ತಿ ಉತ್ತರ ಬೇಕಾ? ಗಂಡಾಗಿ ಹುಟ್ಟಿ, ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಆಮೇಲೆ ಈ ಕುಣಿತ ಕಲಿತವರು ಮಂಜಮ್ಮ ಜೋಗತಿ. 2021ರಲ್ಲಿ ಪದ್ಮಶ್ರೀ ತಗೊಳ್ಳೋಕೆ ಹೋದಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದರಲ್ವಾ, ಆ ಒಂದು ಕೈಚಲನೆ ಎಷ್ಟೊಂದು ಹೇಳಿತು!

ಹೀಗೆ ಮೈಯಿಂದಲೇ ಮಾತಾಡಿಸಿದವರು ದೂರದಲ್ಲೂ ಇದ್ದಾರೆ. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬಾಷ್ ಅವರ ಅಪ್ಪ ಅಮ್ಮ ಊಟದ ಹೋಟೆಲ್ ನಡೆಸುತ್ತಿದ್ದರು, ಪುಟ್ಟ ಪೀನಾ ಟೇಬಲ್ ಕೆಳಗೆ ಕೂತು ದೊಡ್ಡವರನ್ನು ನೋಡುತ್ತಿದ್ದರು. 1978ರಲ್ಲಿ ಪೀನಾ ಕಟ್ಟಿದ ‘ಕೆಫೆ ಮ್ಯೂಲರ್’ ನೃತ್ಯದಲ್ಲಿ ಒಬ್ಬಳು ಕಣ್ಣು ಮುಚ್ಚಿ ಓಡುತ್ತಾಳೆ, ಅವಳು ಡಿಕ್ಕಿ ಹೊಡೆಯಬಾರದು ಅಂತ ಒಬ್ಬ ಗಡಿಬಿಡಿಯಿಂದ ಕುರ್ಚಿಗಳನ್ನು ಎಳೆದು ಹಾಕುತ್ತಾನೆ. ಯಾಕೆ ಅಂತ ಯಾರೂ ವಿವರಿಸುವುದಿಲ್ಲ. ಪೀನಾ 2009ರಲ್ಲಿ ತೀರಿಕೊಂಡ ಮೇಲೆ ಸಿನಿಮಾ ನಿರ್ದೇಶಕ ವಿಮ್ ವೆಂಡರ್ಸ್ ಪೀನಾ ಬಗ್ಗೆ ಮಾಡಿದ ಸಿನಿಮಾದಲ್ಲೂ ಪೀನಾ ತಂಡದ ನರ್ತಕರು ಸುಮ್ನೆ ಕ್ಯಾಮೆರಾ ನೋಡುತ್ತಾ ಕೂತಿರುತ್ತಾರೆ. ಮಾತು ಹಿನ್ನೆಲೆಯಲ್ಲಿ ಕೇಳುತ್ತದೆ, ತುಟಿ ಮಾತ್ರ ಅಲ್ಲಾಡುವುದಿಲ್ಲ. ಆಮೇಲೆ ಎದ್ದು ಕುಣಿಯುತ್ತಾರೆ. ಇದಕ್ಕೆ ದೊಡ್ಡ ಬಜೆಟ್ ಏನೂ ಬೇಡ, ತಾಳ್ಮೆ ಬೇಕು.

ಹಾಗಾಗಿ ಗುಡ್ಡಕ್ಕೆ ಬರುವವರಿಗೆ ನನ್ನ ಮಾತು ಇಷ್ಟೇ. ಕುಣಿತವನ್ನು ಕತ್ತರಿಸಬೇಡಿ, ಪಾದದಿಂದ ಕೊಡದ ತನಕ ಪೂರ್ತಿ ಮೈ ಕಾಣಲಿ. ಅಳು ಬಂದರೆ ಕ್ಯಾಮೆರಾ ಆಫ್ ಮಾಡಿ, ನೀರು ಕೊಡಿ. ಬರೀ ಚಹಾ ಕುಡಿಸಿ ಕಳಿಸಬೇಡಿ, ಅವರು ಕಲಾವಿದರು, ಸಂಭಾವನೆ ಕೊಡಿ. ಎಡಿಟಿಂಗ್ ಮುಗಿದ ಮೇಲೆ, ಯಾವ ಚಿತ್ರೋತ್ಸವಕ್ಕೂ ಕಳಿಸುವ ಮೊದಲು, ಅವರಿಗೇ ತೋರಿಸಿ. ಬೇಡ ಅಂದ ದೃಶ್ಯ ತೆಗೆದುಬಿಡಿ. ನಮಸ್ಕಾರ.