ಘಾಟಿಗೆ ಯಾವುದು ಮೇಲು: ಅಂಬಾಸಿಡರೋ, ಮಾರುತಿ 800 ಕಾರೋ?

ಕೇಳುಗರಿಗೆ ನಮಸ್ಕಾರ. ಕೊಡಗಿನ ತೋಟದ ಮನೆಗಳಲ್ಲಿ ಅಂಬಾಸಿಡರನ್ನೋ ಹಳೆಯ ಮಾರುತಿಯನ್ನೋ ಮಾರಲು ಮನಸ್ಸಿಲ್ಲದೆ ಶೆಡ್ಡಿನಲ್ಲಿ ಉಳಿಸಿಕೊಂಡವರು ಇದ್ದಾರೆ. ಮೊದಲನೆಯದು 1950ರ ದಶಕದ ಕೊನೆಯಲ್ಲಿ ಬಂದದ್ದು, ಎರಡನೆಯದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು ಮಾತ್ರ ಎರಡಕ್ಕೂ ಒಂದೇ ವರ್ಷ, 2014.

ಘಾಟಿಗೆ ದೊಡ್ಡ ಕಾರೇ ಬೇಕು ಅನ್ನುತ್ತಾರೆ. ತೂಕ ಹಾಕಿ ನೋಡೋಣ. ಹಳೆಯ ಪೆಟ್ರೋಲ್ ಅಂಬಾಸಿಡರಿನದು 1489 ಸಿಸಿ ಎಂಜಿನ್. ಆದರೆ ಅದು ಟನ್ನಿಗೂ ಮಿಕ್ಕಿದ ಮೈಯನ್ನು ಹೊರಬೇಕು. ಮಾರುತಿಯದು 796 ಸಿಸಿ, ಮೂರೇ ಸಿಲಿಂಡರ್, ಮೈಯೋ ಸುಮಾರು 650 ಕೆ.ಜಿ. ಇಬ್ಬರೇ ಕೂತು ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಚಿಕ್ಕದೇ ಚುರುಕು. ಐದು ಜನ, ಡಿಕ್ಕಿ ತುಂಬ ಸಾಮಾನು ಅಂದಾಗ ಅಂಬಾಸಿಡರಿನ ಗತ್ತು ಗೊತ್ತಾಗುತ್ತದೆ.

ಹಳೆಯ ಅಂಬಾಸಿಡರಿನ ಫಸ್ಟ್ ಗೇರಿಗೆ ಸಿಂಕ್ರೋ, ಅಂದರೆ ಗೇರ್ ಕೂಡುವ ಮುನ್ನ ವೇಗ ಹೊಂದಿಸಿಕೊಡುವ ಭಾಗ, ಇಲ್ಲ. ಏರುತಿರುವಿನಲ್ಲಿ ಸೆಕೆಂಡ್ ಎಳೆಯದಾದಾಗ ಓಡುತ್ತಿರುವಂತೆಯೇ ಫಸ್ಟಿಗೆ ತಳ್ಳಿದರೆ ಕರ್ರೆಂದು ಹಲ್ಲು ಸವೆಯುತ್ತದೆ. ಕ್ಲಚ್ ಒತ್ತಿ ನ್ಯೂಟ್ರಲಿಗೆ ತನ್ನಿ, ಕ್ಲಚ್ ಬಿಟ್ಟು ಒಂದಿಷ್ಟು ರೇಸ್ ಕೊಡಿ, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಿ. ಕೈಗೆ ಬಾರದಿದ್ದರೆ ಗಾಡಿ ನಿಲ್ಲಿಸಿಯೇ ಹಾಕಿ; ಹಿಂದಿನ ಬಸ್ಸಿನವನು ಹಾರನ್ ಹೊಡೆದರೆ ಹೊಡೆದುಕೊಳ್ಳಲಿ. ಬಿಸಿಲಲ್ಲಿ ಏರಿನ ನಡುವೆ ಎಂಜಿನ್ ತಡವರಿಸಿ ನಿಂತರೆ ಪಂಪು ಕಾದು ಪೆಟ್ರೋಲ್ ಆವಿಯಾಗಿರಬಹುದು. ಬಾನೆಟ್ ಎತ್ತಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯಿರಿ.

ಮಳೆಗಾಲದ ತೋಟದ ದಾರಿಯ ಕಥೆಯೇ ಬೇರೆ. ಮಾರುತಿಯನ್ನು ಎಳೆಯುವುದು ಮುಂದಿನ ಚಕ್ರ. ಏರಿನಲ್ಲಿ ಭಾರ ಹಿಂದಕ್ಕೆ ಜಾರಿ ಮುಂದಿನ ಚಕ್ರ ಹಗುರಾಗುತ್ತದೆ, ಕೆಸರಲ್ಲಿ ಸುಮ್ಮನೆ ಸುತ್ತುತ್ತದೆ. ದಾರಿ ಗಿಡ್ಡವಿದ್ದರೆ ರಿವರ್ಸಿನಲ್ಲಿ ಹತ್ತಿಸಿ, ಹತ್ತುತ್ತದೆ. ಅಂಬಾಸಿಡರಿನಲ್ಲಿ ಎಳೆಯುವುದು ಹಿಂದಿನ ಚಕ್ರ. ಖಾಲಿ ಡಿಕ್ಕಿಯಲ್ಲಿ ಬಾಲ ಆಡಿಸುತ್ತದೆ, 50 ಕೆ.ಜಿ.ಯ ಕಾಫಿ ಮೂಟೆ ಒಂದನ್ನಿಟ್ಟರೆ ನೆಲ ಕಚ್ಚುತ್ತದೆ.

ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾರುತಿ ಟಕ್‌ಟಕ್ ಅಂದರೆ ಆಕ್ಸಲ್ ತುದಿಯ ರಬ್ಬರ್ ಬೂಟನ್ನು ನೋಡಿ. ಬೂಟು ಹರಿದು, ಗ್ರೀಸ್ ಸೋರಿ, ಕೆಸರು ಒಳಗೆ ಸೇರಿ ಜಾಯಿಂಟ್ ತಿಂದಿರುತ್ತದೆ. ಸದ್ದು ಬರುವ ಮೊದಲೇ ಬೂಟು ಬದಲಿಸಿದ್ದರೆ ಖರ್ಚು ಅಲ್ಪದಲ್ಲೇ ಮುಗಿಯುತ್ತಿತ್ತು.

ಆಟಿಯಲ್ಲಿ, ಅಂದರೆ ಜಡಿಮಳೆಯ ತಿಂಗಳಲ್ಲಿ, ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲಿಸುವುದಾದರೆ ಎರಡಕ್ಕೂ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕಿನಲ್ಲಿ ಅಂಟಿ ಕೂರುತ್ತದೆ. ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.